ತಾತನ ಕರಿ ಫೋನಿಗೆ ಲೈನ್ ಕ್ಲಿಯರ್

ತಾತ ಓ.ಸಿ. ಆಡುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದ್ದು ಊಹೆಯಿಂದಲ್ಲ, ಪುರಾವೆಯಿಂದ. ವಾರಕ್ಕೆರಡು ಸಲ, ಅಪ್ಪ ಅರಸೀಕೆರೆಯ ಕಚೇರಿಯಲ್ಲಿರುವ ಹೊತ್ತಿಗೆ, ಅಮ್ಮ ಊಟ ಮುಗಿಸಿ ಒಂದು ಗಳಿಗೆ ಅಡ್ಡಾದ ಮೇಲೆ, ಅವರು ನಡುಮನೆಯ ಕರಿ ಫೋನಿನ ಮುಂದೆ ಕುರ್ಚಿ ಎಳೆದುಕೊಳ್ಳುತ್ತಿದ್ದರು. ಡಯಲ್ ತಿರುಗುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಆಮೇಲೆ ತಗ್ಗಿದ ದನಿಯಲ್ಲಿ ಮಾತು. ಕೊನೆಗೆ ಎರಡಂಕಿಯ ಒಂದು ಸಂಖ್ಯೆ: "ನಲವತ್ತೇಳು. ನಾಕು, ಏಳು." ಆ ಕಡೆಯವರು ಅದನ್ನೇ ತಿರುಗಿ ಹೇಳಿದ್ದನ್ನು ಕೇಳಿಸಿಕೊಂಡವರಂತೆ "ಸರಿ" ಎಂದು ಇಟ್ಟುಬಿಡುತ್ತಿದ್ದರು. ಮುಂದಿನ ಸಲ ಬೇರೆ ಸಂಖ್ಯೆ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿದ್ದ ಆ ದಿನಗಳಲ್ಲಿ ನಮ್ಮ ಜಾವಗಲ್‌ನಲ್ಲಿ ಎರಡಂಕಿಯನ್ನು ಪಿಸುಗುಟ್ಟುವವರೆಲ್ಲ ಒಂದೇ ಕಾರಣಕ್ಕೆ ಪಿಸುಗುಟ್ಟುತ್ತಿದ್ದರು. ಯಾವ ಸಂಖ್ಯೆ ಬೀಳುತ್ತದೆಂದು ಬಾಜಿ ಕಟ್ಟುವ ಆ ಜೂಜಿಗೆ ನಮ್ಮ ಕಡೆ ಓ.ಸಿ. ಎನ್ನುತ್ತಾರೆ.

ನಾನಾಗ ಅರಸೀಕೆರೆಯಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಒಮ್ಮೆ ಪರವಾಗಿ, ಒಮ್ಮೆ ವಿರೋಧವಾಗಿ ಮಾತಾಡಿ ಗೆದ್ದ ನಾಲ್ಕಾರು ಫಲಕಗಳು ಮನೆಯ ಷೋಕೇಸಿನಲ್ಲಿದ್ದವು. ಯಾರು ಏನು ಹೇಳಿದರೂ ಆಧಾರ ಕೇಳುವುದು, ಆಧಾರ ಕೊಟ್ಟರೆ ಅದರಲ್ಲಿ ತೂತು ಹುಡುಕುವುದು ನನಗೆ ಚಟವಾಗಿತ್ತು. ಪಂಚಾಂಗ ತೆಗೆಯುವ ಮುಂಚೆ ಅಮ್ಮ ನಾನು ಮನೆಯಲ್ಲಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದಳು. ತಾತ ಮಾತ್ರ ನನ್ನನ್ನು ಲಾಯರಮ್ಮ ಎಂದು ಕರೆದು, ಎದುರಿಗೆ ಕೂರಿಸಿಕೊಂಡು ವಾದಕ್ಕಿಳಿಯುತ್ತಿದ್ದರು. ಅಂಥವರೇ ಸಿಕ್ಕಿಬಿದ್ದರಲ್ಲ ಎಂಬ ಖುಷಿಯೂ ನನಗಿತ್ತು, ಸುಳ್ಳೇಕೆ.

ಪರೀಕ್ಷೆಗೆ ಓದಲೆಂದು ಕಾಲೇಜು ರಜ ಕೊಟ್ಟಿದ್ದ ವಾರ ಒಂದು ಬದಲಾವಣೆ ಕಂಡಿತು. ತಾತ ಡಯಲ್ ತಿರುಗಿಸುತ್ತಾರೆ, ಕಿವಿಗಿಟ್ಟುಕೊಂಡು ಕೂರುತ್ತಾರೆ, ಒಂದು ಮಾತೂ ಆಡದೆ ಕೆಳಗಿಡುತ್ತಾರೆ. ಮತ್ತೆ ತಿರುಗಿಸುತ್ತಾರೆ. ಮೂರನೆಯ ಸಲ ಇಟ್ಟಾಗ ನಾನು ಪುಸ್ತಕ ಮಡಚಿ ಎದ್ದು ಹೋದೆ.

"ಏನ್ ತಾತ, ನಿಮ್ಮ ಓ.ಸಿ. ಬರ್ಕೊಳ್ಳೋನನ್ನ ಪೊಲೀಸ್ರು ಎತ್ತಾಕ್ಕೊಂಡು ಹೋದ್ರಾ?"

"ಏನಂದೆ?"

ನಾನು ಪಟ್ಟಿ ಒಪ್ಪಿಸಿದೆ: ಹೊತ್ತು, ತಗ್ಗಿದ ದನಿ, ಎರಡಂಕಿ, ಪ್ರತಿ ಸಲ ಬೇರೆ. ಅವರು ಪೂರ್ತಿ ಕೇಳಿಸಿಕೊಂಡು, ಭುಜ ಕುಲುಕುವಷ್ಟು ನಕ್ಕರು.

"ನೀನು ಜಡ್ಜ್ ಆದ್ರೆ ತಪ್ಪು ಮಾಡ್ದೇ ಇದ್ದೋರಿಗೂ ಗಲ್ಲು ಗ್ಯಾರಂಟಿ. ಅದು ಪ್ರೈವೇಟ್ ನಂಬರ್ ಕಣೇ."

ತಾತ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ಕೊನೆಯ ವರ್ಷಗಳು ಅರಸೀಕೆರೆ ಜಂಕ್ಷನ್‌ನಲ್ಲೇ. ಒಂದು ಸ್ಟೇಷನ್ನಿನವರು ಪಕ್ಕದ ಸ್ಟೇಷನ್ನಿಗೆ ಗಾಡಿಯ ವಿಷಯ ಫೋನಿನಲ್ಲಿ ಹೇಳಿದರೆ, ಕೇಳಿಸಿಕೊಂಡವರು ಅದನ್ನು ಹಾಗೇ ತಿರುಗಿ ಒಪ್ಪಿಸಿ, ತಮ್ಮ ಬಳಿಯ ಗುಟ್ಟಿನ ಹಾಳೆಯಿಂದ ಎರಡಂಕಿಯ ಒಂದು ಸಂಖ್ಯೆ ಕೊಡಬೇಕು. ಹೇಳಿದವರು ಅದನ್ನು ಬರೆದುಕೊಳ್ಳಬೇಕು. ಅದಾದ ಮೇಲೆ "ನನಗೆ ಕೇಳಿಸಲೇ ಇಲ್ಲ" ಎನ್ನುವ ದಾರಿ ಯಾರಿಗೂ ಇಲ್ಲ. ಕೇಳಿಸಿಕೊಂಡಿದ್ದಕ್ಕೆ ಅದೇ ರಸೀದಿ.

"ಸರಿ, ರಿಟೈರ್ ಆಗಿ ಇಷ್ಟು ವರ್ಷ ಆಯ್ತು. ಈಗ ಯಾವ ಗಾಡಿ ಬಿಡ್ತಿದ್ದೀರ?"

ಅವರು ಅಮ್ಮ ಮಲಗಿದ್ದ ಕೋಣೆಯ ಕಡೆ ಒಮ್ಮೆ ನೋಡಿ, "ನಿಮ್ಮತ್ತೆ ಹತ್ರ ಮಾತಾಡ್ತೀನಿ" ಅಂದರು.

ಅತ್ತೆ ಎಂದರೆ ಅಪ್ಪನ ತಂಗಿ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಅಲ್ಲಿಯೇ ಲ್ಯಾಬಿನಲ್ಲಿ ಕೆಲಸ ಮಾಡುವ, ಬೇರೆ ಜಾತಿಯವರೊಬ್ಬರನ್ನು ಮದುವೆಯಾದರು. ಅಪ್ಪ ಅಂದೇ, ಆ ಹೆಸರು ಈ ಮನೆಯಲ್ಲಿ ಕೇಳಬಾರದು ಎಂದರು. ಅಣ್ಣ ತಾನಾಗಿ ಕರೆಯುವ ತನಕ ಆ ಮನೆಗೆ ಫೋನೂ ಮಾಡುವುದಿಲ್ಲ, ಕಾಗದವನ್ನೂ ಬರೆಯುವುದಿಲ್ಲ ಎಂದು ಅತ್ತೆ ಹಟ ಹಿಡಿದರು. ತಾತ ಇಬ್ಬರ ಜೊತೆಗೂ ವಾದ ಮಾಡಲಿಲ್ಲ. ಅತ್ತೆಯ ಮನೆಯಲ್ಲಿ ಫೋನಿರಲಿಲ್ಲ, ವಾರ್ಡಿನಲ್ಲಿತ್ತು. ಅಲ್ಲಿಗೆ ಮಾಡುತ್ತಿದ್ದರು. ಚಿಕ್ಕಂದಿನಲ್ಲಿ ಸ್ಟೇಷನ್ನಿನ ಮೇಜಿನ ಕೆಳಗೆ ಕೂತು ಆಡಿದ ಅತ್ತೆಗೆ ಆ ಎರಡಂಕಿಯ ಪದ್ಧತಿ ಗೊತ್ತಿತ್ತು. ನೀನು ಹೇಳಿದ್ದೆಲ್ಲ ಕೇಳಿಸಿತು ಎನ್ನಲು ಕೊನೆಯಲ್ಲಿ ತಾತ ಒಂದು ಸಂಖ್ಯೆ ಕೊಡುತ್ತಿದ್ದರು, ಅತ್ತೆ ತಿರುಗಿ ಹೇಳುತ್ತಿದ್ದರು.

ನನ್ನ ಪುರಾವೆಗಳೆಲ್ಲ ಸರಿಯಿದ್ದವು. ತೀರ್ಮಾನವೊಂದೇ ತಪ್ಪು.

ಈಗ ಆಗಿದ್ದೇನೆಂದರೆ, ಆಸ್ಪತ್ರೆಯವರು ಹೊಸ ವ್ಯವಸ್ಥೆ ಹಾಕಿಸಿದ್ದರು. ಮೊದಲು ಒಬ್ಬಾಕೆ ಎತ್ತಿ ವಾರ್ಡಿಗೆ ಕೊಡುತ್ತಿದ್ದರು. ಈಗ ರೆಕಾರ್ಡ್ ಆದ ದನಿ ಬರುತ್ತದೆ: ಬೇಕಾದ ವಿಭಾಗದ ಮೂರಂಕಿ ಒತ್ತಿ, ಇಲ್ಲದಿದ್ದರೆ ಕಾಯಿರಿ. ಕಾದರೆ ಸಂಗೀತ. ಸಂಗೀತ ಮುಗಿದರೆ ಲೈನ್ ಕಟ್. ಅತ್ತೆಯ ವಾರ್ಡು 213, ಹಿಂದಿನ ಕರೆಯಲ್ಲೇ ಅವರು ಹೇಳಿಟ್ಟಿದ್ದರು. ತಾತ ಡಯಲಿನಲ್ಲಿ ಎರಡು, ಒಂದು, ಮೂರು ಎಂದು ತಿರುಗಿಸುತ್ತಾರೆ, ಆ ದನಿಗೆ ಅದು ಕೇಳುವುದೇ ಇಲ್ಲ. ಕೇಳುವುದೂ ಸಾಧ್ಯವಿಲ್ಲ. ತಿರುಗಿಸುವ ಡಯಲ್ ಅಂಕಿಗೆ ತಕ್ಕಷ್ಟು ಸಲ ಲೈನನ್ನು ಕಡಿದು ಕೂಡಿಸುತ್ತದೆ, ಅಷ್ಟೇ. ನಮ್ಮೂರ ಎಕ್ಸ್‌ಚೇಂಜು ಅದನ್ನು ಎಣಿಸುತ್ತದೆ. ಆದರೆ ಕರೆ ಒಮ್ಮೆ ಕೂಡಿದ ಮೇಲೆ ಮೈಸೂರಿನ ತನಕ ಹೋಗುವುದು ದನಿ ಮಾತ್ರ. ಬಟನ್ ಫೋನಿನ 'ಟೂಂ, ಟೀಂ' ದನಿಯಾದ್ದರಿಂದ ತಲುಪುತ್ತದೆ, ಕಡಿತ ತಲುಪುವುದಿಲ್ಲ.

"ಬಟನ್ ಫೋನ್ ಹಾಕ್ಸಿ. ಮುಗೀತು," ಅಂದೆ.

ಮನೆಯಲ್ಲಿ ಬಟನ್ ಫೋನ್ ಇತ್ತು. ಲೈನ್ ಬಂದಾಗ ಕೊಟ್ಟಿದ್ದೇ ಅದು. ತಾತ ಅದನ್ನು ಡಬ್ಬಿಯೊಳಗಿಟ್ಟು, ಬೇಲೂರಿನ ಲಾಡ್ಜೊಂದು ತನ್ನ ಹಳೆಯ ಫೋನುಗಳನ್ನು ತೆಗೆದುಹಾಕಿದಾಗ ಈ ಕರಿಯದನ್ನು ತಂದುಕೊಂಡಿದ್ದರು. ಅದನ್ನು ನಾವೆಲ್ಲ ಮುದುಕರ ಹುಚ್ಚು ಅಂದುಕೊಂಡಿದ್ದೆವು. ನಾನು ಡಬ್ಬಿಯಿಂದ ಬಟನ್ ಫೋನ್ ತೆಗೆದು ಅದೇ ಲೈನಿಗೆ ಪಕ್ಕದಲ್ಲಿ ಸಿಕ್ಕಿಸಿದೆ. ಆಸ್ಪತ್ರೆಗೆ ಕರಿಯದರಲ್ಲಿ ಮಾಡಲಿ, ಆ ಮೂರಂಕಿ ಮಾತ್ರ ಇದರಲ್ಲಿ ಒತ್ತಲಿ. ಇದಕ್ಕೆ ಪ್ರತಿವಾದ ಇರಲಿಲ್ಲ.

ತಾತ ಒತ್ತಿದರು. ಎರಡು ಎಂದು ಒತ್ತಿದ ಬೆರಳು ಅಲ್ಲೇ ನಡುಗಿ ಇನ್ನೊಮ್ಮೆ ಒತ್ತಿತು. ಎರಡು, ಎರಡು, ಒಂದು. ಆ ಕಡೆಯಿಂದ ಗಂಡಸಿನ ದನಿ ನನಗೂ ಕೇಳುವಷ್ಟು ಜೋರಾಗಿ ಬಂತು: "ಸಿಸ್ಟರ್, ಬೆಡ್‌ಶೀಟ್ ಇನ್ನೂ ಒಣಗಿಲ್ಲ, ಎಷ್ಟ್ ಸಲ ಹೇಳೋದು?"

"ಒಣಗಲಿ ಬಿಡಪ್ಪ, ನನಗೇನೂ ಅರ್ಜೆಂಟ್ ಇಲ್ಲ," ಅಂದು ತಾತ ಇಟ್ಟರು.

ಅವರ ಕೈ ನಡುಗುತ್ತಿದ್ದುದು ನನಗೆ ಗೊತ್ತಿತ್ತು. ಕಾಫಿ ಲೋಟ ಅರ್ಧವೇ ತುಂಬಿಸಿ ಕೊಡುತ್ತಿದ್ದೆವು. ಆದರೆ ಗೊತ್ತಿರುವುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಡಯಲಿನ ತೂತಿಗೆ ಬೆರಳು ಇಟ್ಟರೆ ಅದು ಬೆರಳನ್ನು ಹಿಡಿದುಕೊಳ್ಳುತ್ತದೆ, ತಡೆಯ ತನಕ ಎಳೆಯುವಾಗ ನಡುಕಕ್ಕೆ ಜಾಗವಿರುವುದಿಲ್ಲ. ಬಟನ್ ಹಾಗಲ್ಲ, ಮುಟ್ಟಿದಷ್ಟೂ ಎಣಿಸುತ್ತದೆ. ಇನ್ನೂ ನಾಲ್ಕು ಸಲ ನೋಡಿದೆವು. ಒಮ್ಮೆಯೂ 213 ಬೀಳಲಿಲ್ಲ.

"ನಾನು ಒತ್ತಿಕೊಡ್ತೀನಿ ಬಿಡಿ."

"ಬೇಡ."

"ಯಾಕೆ?"

"ಇವತ್ತು ನೀನು ಒತ್ತೀಯ. ಕಾಲೇಜು ಶುರು ಆದ್ಮೇಲೆ ನಿಮ್ಮಮ್ಮನ್ನ ಎಬ್ಬಿಸ್ಬೇಕು. ನಿಮ್ಮಪ್ಪ ಕೇಳ್ದಾಗ ಅವಳು ಏನನ್ನಬೇಕು? ನನ್ನ ಮಗಳ ಜೊತೆ ನಾನು ಮಾತಾಡೋದಕ್ಕೆ ಈ ಮನೇಲಿ ಇನ್ನೊಬ್ರು ಸುಳ್ಳು ಹೇಳೋದು ಬೇಡ. ನಾನೇ ಮಾಡೋದಾದ್ರೆ ಮಾಡ್ತೀನಿ. ಇಲ್ದಿದ್ರೆ ಇಲ್ಲ."

ಇಲ್ಲದಿದ್ದರೆ ಇಲ್ಲ ಎಂದರೆ ಅವರ ಪಾಲಿಗೆ ಮಗಳು ಇಲ್ಲ ಎಂದೇ. ಅತ್ತೆ ತಾವಾಗಿ ಫೋನ್ ಮಾಡುವವರಲ್ಲ, ಅಪ್ಪ ತಾವಾಗಿ ಕರೆಯುವವರಲ್ಲ.

ಮರುದಿನ ಅಪ್ಪ ಬಸ್ಸು ಹತ್ತಿದ ಮೇಲೆ ಕರಿ ಫೋನನ್ನು ಬಟ್ಟೆ ಚೀಲದಲ್ಲಿ ಹೊತ್ತು ನಾನು ಹಳೇಬೀಡಿನ ಬಸ್ಸು ಹತ್ತಿದೆ. ಬಟನ್ ಫೋನನ್ನೂ ಜೊತೆಗೆ ಹಾಕಿಕೊಂಡೆ. ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ, ಮಿಕ್ಸಿ ರಿಪೇರಿ ಮಾಡುವವರೊಬ್ಬರಿದ್ದರು. ದಾರಿ ಕೇಳುವ ಪ್ರವಾಸಿಗರ ಕಾಟಕ್ಕೆ 'ದೇವಸ್ಥಾನ ಆ ಕಡೆ' ಎಂದು ರಟ್ಟಿನ ಮೇಲೆ ಬರೆದು, ಬಾಣದ ಗುರುತು ಹಾಕಿ ಅಂಗಡಿಯ ಮುಂದೆ ತೂಗುಹಾಕಿದ್ದರು. ಕೆಲಸದ ನಡುವೆ ತಲೆ ಎತ್ತುವುದು ಅವರಿಗೆ ಆಗಿಬರುತ್ತಿರಲಿಲ್ಲ.

"ಇದನ್ಯಾಕವ್ವ ಹೊತ್ಕೊಂಡ್ ಬಂದೆ? ತೂಕಕ್ಕೆ ಹಾಕಂಗಿದ್ರೆ ಗುಜರಿ ಅಂಗ್ಡಿ ಮುಂದಕ್ಕೈತೆ."

"ಇದರಲ್ಲಿ ಟೋನ್ ಬರೋ ಹಾಗೆ ಮಾಡಬೇಕು ಅಣ್ಣ."

"ಬಟನ್ ಫೋನ್ ಹಾಕ್ಕೊಂಡ್ರೆ ಬತ್ತದಲ್ಲ."

ನಿನ್ನೆ ನನ್ನ ಬಾಯಲ್ಲಿದ್ದ ವಾಕ್ಯವೇ. ಸ್ಪರ್ಧೆಯಲ್ಲಿ ಚೀಟಿ ಎತ್ತಿ ಪಕ್ಷ ಬದಲಾದವಳಂತೆ ನಾನು ಎದುರು ಪಕ್ಷಕ್ಕೆ ನಿಂತು ನಡುಕದ ವಿಷಯ ಹೇಳಿದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. ಕರಿ ಫೋನಿನ ಅಡಿ ಬಿಚ್ಚಿ, ಡಯಲನ್ನು ನಾಲ್ಕು ಸಲ ತಿರುಗಿಸಿ, ಒಳಗಿನ ಪಟ್ಟಿಗಳು ಬಡಿದುಕೊಳ್ಳುವುದನ್ನು ನೋಡಿದರು.

"ಟೋನ್ ಹಾಡೋ ಚಿಪ್ಪು ನಿನ್ನ ಬಟನ್ ಫೋನಲ್ಲೇ ಐತೆ. ಅದನ್ನ ಬಿಚ್ಕೊಂತೀನಿ. ಡಯಲ್ ಎಷ್ಟ್ ಸಲ ಬಡೀತದೆ ಅಂತ ಎಣಿಸೋದೊಂದನ್ನ ನಾನು ಕಟ್ಬೇಕು. ಹತ್ತು ದಿನ ಬಿಟ್ಟು ಬಾ."

ಫೋನ್ ರಿಪೇರಿಗೆ ಕೊಟ್ಟಿದೆ ಎಂದು ಅಪ್ಪನಿಗೆ ಹೇಳಿದೆ, ಅದು ಸುಳ್ಳಲ್ಲವಲ್ಲ. ಹತ್ತು ದಿನಕ್ಕೆ ಸೋಪಿನ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ ಸಿದ್ಧವಾಗಿತ್ತು. ಫೋನಿನ ಬೆನ್ನಿಗೆ ಕೂರುವಂಥದ್ದು, ಒಳಗೆ ಎರಡು ಪೆನ್ಸಿಲ್ ಸೆಲ್ಲು, ಸೆಲ್ಲು ಬಡವಾದರೆ ಹೊತ್ತಿಕೊಳ್ಳುವ ಸಾಸಿವೆಯಷ್ಟು ಕೆಂಪು ದೀಪ. ಪಕ್ಕದ ಸ್ವಿಚ್ಚಿನ ಗುಬಟನ್ನು ಕೆಳಗೆ ಮಾಡಿದರೆ ಡಯಲ್ ಒಂದೊಂದು ಅಂಕಿಗೂ ಟೋನ್ ಹಾಡುತ್ತಿತ್ತು. ಅಂಗಡಿಯ ಲೈನಿಗೇ ಸಿಕ್ಕಿಸಿ ಆಸ್ಪತ್ರೆಗೆ ಮಾಡಿದೆ. ಎರಡು, ಒಂದು, ಮೂರು ತಿರುಗಿಸಿದೆ. ವಾರ್ಡಿನಲ್ಲಿ ಯಾರೋ ಎತ್ತಿದರು. ನಾನು ಮಾತಾಡದೆ ಇಟ್ಟೆ. ಮೊದಲ ಮಾತು ತಾತನದಾಗಲಿ ಎಂದು.

ಮನೆಯಲ್ಲಿ ತಾತ ತಿರುಗಿಸಿದರು. ಎರಡು ಹೋಯಿತು. ಒಂದು ತಿರುಗಿಸುವಷ್ಟರಲ್ಲಿ ಸಂಗೀತ.

ನಾನು ತಿರುಗಿಸಿದೆ. ವಾರ್ಡು. ತಾತ ತಿರುಗಿಸಿದರು. ಸಂಗೀತ.

ಯಂತ್ರ ಸರಿಯಿದೆ, ಮನುಷ್ಯ ಸರಿಯಿದ್ದಾರೆ, ಇಬ್ಬರೂ ಕೂಡಿದರೆ ಕೆಲಸವಿಲ್ಲ. ನಾನು ಗೋಡೆ ಗಡಿಯಾರದ ಸೆಕೆಂಡು ಮುಳ್ಳು ನೋಡುತ್ತಾ ಇನ್ನೊಮ್ಮೆ ಮಾಡಿಸಿದೆ. ತಾತ ಒಂದು ಅಂಕಿ ತಿರುಗಿಸುತ್ತಿದ್ದರು. ಡಯಲ್ ಪೂರ್ತಿ ಹಿಂದಕ್ಕೆ ಬರುವ ತನಕ ಕಾಯುತ್ತಿದ್ದರು. "ಎರಡು" ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ದಪ್ಪಕ್ಷರದಲ್ಲಿ ಬರೆದಿಟ್ಟ ಚೀಟಿಯಲ್ಲಿ ಅದೇ ಇದೆಯೇ ಎಂದು ನೋಡಿ, ಆಮೇಲೆ ಮುಂದಿನದಕ್ಕೆ ಕೈ ಹಾಕುತ್ತಿದ್ದರು. ಅಂಕಿ ಅಂಕಿಯ ನಡುವೆ ಎಂಟು ಸೆಕೆಂಡು. ನಮ್ಮೂರ ಎಕ್ಸ್‌ಚೇಂಜಿಗೆ ಅಷ್ಟು ತಾಳ್ಮೆಯಿತ್ತು. ಆಸ್ಪತ್ರೆಯ ದನಿ ಐದು ಸೆಕೆಂಡಿಗೇ ಬೇಸರಪಟ್ಟುಕೊಳ್ಳುತ್ತಿತ್ತು.

"ತಾತ, ಅಂಕಿ ಹೇಳೋದನ್ನ ಬಿಟ್ಬಿಡಿ. ಸುಮ್ನೆ ತಿರುಗಿಸ್ತಾ ಹೋಗಿ."

"ಹೇಳದೇ ತಿರುಗಿಸಿದ್ರೆ ಸರಿಯಾಗಿ ತಿರುಗಿಸಿದ್ನೋ ಇಲ್ವೋ, ಯಾರಿಗೆ ಗೊತ್ತು?"

"ತಪ್ಪಾದ್ರೆ ಮತ್ತೆ ಮಾಡಬಹುದು. ಇದೇನು ಗಾಡಿ ಅಲ್ವಲ್ಲ."

"ತಪ್ಪಾದ್ರೆ ಮತ್ತೆ ಮಾಡೋ ಅಂಥ ಕೆಲಸ ನಾನು ಸರ್ವಿಸ್ ಪೂರ್ತಿ ಮಾಡ್ಲಿಲ್ಲ ಕಣೇ. ಈ ವಯಸ್ನಲ್ಲಿ ಕಲಿಸ್ಬೇಡ."

ಉತ್ತರ ನಾಲಗೆಯ ತುದಿಯಲ್ಲಿತ್ತು. ಆದರೆ ಅವರು ಹಟಕ್ಕೆಂದೇ ಇನ್ನೊಮ್ಮೆ ತಿರುಗಿಸಿದಾಗ ನಾನು ಬಾಯಿಯ ಬದಲು ಕೈ ನೋಡಿದೆ. "ಎರಡು" ಎಂದು ಹೇಳಿ ಮುಗಿಸುವ ಹೊತ್ತಿಗೆ ಕೈಯ ನಡುಕ ತುಸು ಇಳಿಯುತ್ತಿತ್ತು. ಆಗಲೇ ಬೆರಳು ಮುಂದಿನ ತೂತಿಗೆ ಸರಿಯಾಗಿ ಹೋಗುತ್ತಿತ್ತು. ಆ ಎಂಟು ಸೆಕೆಂಡು ಬರೀ ಅಭ್ಯಾಸವಲ್ಲ, ಅವರಿಗೆ ಬೇಕಾದದ್ದೇ. ನನ್ನ ವಾದ ಅಲ್ಲಿಗೆ ಬಿತ್ತು.

ಸೋಲೊಪ್ಪಿಕೊಳ್ಳದೆ ಚುಚ್ಚಲೆಂದೇ ಕೇಳಿದೆ. "ಇಷ್ಟು ನಿಧಾನಕ್ಕೆ ಎಕ್ಸ್‌ಪ್ರೆಸ್ ಗಾಡಿ ಹೆಂಗೆ ಬಿಡ್ತಿದ್ರಿ? ಅದು ಬಂದು ಹೊರಗೆ ನಿಂತು ಕೂಗ್ತಿರಲಿಲ್ವಾ?"

"ಗಾಡಿ ಬಂದ ಮೇಲೆ ಯಾರೇ ಲೈನ್ ಕೇಳ್ತಾರೆ? ಅದು ಹಿಂದಿನ ಸ್ಟೇಷನ್ ಬಿಡೋಕೆ ಮುಂಚೇನೇ ಮುಂದಿನೋರ ಹತ್ರ ನಿಧಾನಕ್ಕೆ ಕೇಳಿ, ನಂಬರ್ ತಗೊಂಡು ಇಟ್ಕೊಂಡಿರ್ತೀವಿ. ಮೊದಲು ಲೈನ್ ಕ್ಲಿಯರ್, ಆಮೇಲೆ ಗಾಡಿ. ಗಾಡಿ ಬಂದಾಗ ಹಸಿರು ಬಾವುಟ ತೋರಿಸೋದೊಂದೇ ಕೆಲಸ."

ನಾನು ವಾದ ಬಿಟ್ಟು ಬಟ್ಟೆ ಚೀಲ ಹುಡುಕಲು ಎದ್ದೆ. ತಾತನಿಗೆ ಆಶ್ಚರ್ಯವಾಗಿರಬೇಕು, "ಏನೇ, ಮೈಗೆ ಹುಷಾರಿಲ್ವ?" ಅಂದರು.

ಮತ್ತೆ ಹಳೇಬೀಡು, ಮತ್ತೆ ಬಟ್ಟೆ ಚೀಲ.

"ಫೋನ್ ಎತ್ತೋಕ್ ಮುಂಚೆ ಡಯಲ್ ಮಾಡೋದಾ?" ರಿಪೇರಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮ ತಾತಂಗೆ ನೆಟ್ಟಗೈತಾ?"

"ಮೊದಲು ಆ ಮೂರಂಕಿ ಮಾತ್ರ, ಅಣ್ಣ. ಅವರು ಎಷ್ಟು ಹೊತ್ತಾದರೂ ತಗೊಳ್ಳಲಿ, ಪೆಟ್ಟಿಗೆ ನೆನಪಿಟ್ಕೊಳ್ಳಲಿ. ಆಮೇಲೆ ಫೋನ್ ಎತ್ತಿ ಆಸ್ಪತ್ರೆಗೆ ಮಾಮೂಲಿನಂತೆ ಮಾಡ್ತಾರೆ. ಅಲ್ಲಿನ ರೆಕಾರ್ಡಿನ ಹೆಂಗಸು ಕೇಳಿದಾಗ ಒಂದು ಬಟನ್ ಒತ್ತಿದ್ರೆ ಮೂರೂ ಒಟ್ಟಿಗೆ ಹೋಗಲಿ."

"ಒಂದೇ ನಂಬರ್ ಅಂದ್ರೆ ಕಾಯಮ್ಮಾಗಿ ತುಂಬ್ಬಿಡ್ತೀನಿ. ತಿರುಗಿಸೋ ರಗಳೇನೇ ಬ್ಯಾಡ."

"ವಾರ್ಡು ಬದಲಾಗ್ತಾ ಇರತ್ತೆ. ಪ್ರತಿ ಸಲ ನಿಮ್ಮ ಹತ್ರ ಓಡಿಬರೋಕಾಗತ್ತಾ?"

ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಬೀಡಿ ಕಟ್ಟಿನ ಕಾಗದದ ಹಿಂದೆ ಏನೋ ಗೀಚಿದರು. "ಆಯ್ತದೆ. ಕೈ ನಡುಗ್ತದೆ ಅಂದಲ್ಲ, ಬಟನ್ನ ಎರಡು ಸಲ ಒತ್ತಿದ್ರೆ?"

"ಒಂದು ಸಲ ಹೇಳಿದ್ಮೇಲೆ ಮತ್ತೆ ಕೇಳಿಸ್ಕೊಳ್ಳದೇ ಇರೋ ಹಾಗೆ ಮಾಡಿ."

"ಬಿಡು. ನಿನ್ನ ಹಂಗೆ ಹೇಳಿದ್ದೇ ಹೇಳೋ ಜಾತಿಯಲ್ಲ ನಾನು ಕಟ್ಟೋ ಮಾಲು," ಅಂದರು.

ಪೆಟ್ಟಿಗೆ ಮರಳಿ ಬಂದದ್ದು ಒಂದು ಶುಕ್ರವಾರ. ಅಮ್ಮ ಮಲಗಿದ್ದಳು. ತಾತ ಫೋನ್ ಎತ್ತದೆಯೇ ಗುಬಟು ಕೆಳಗೆ ಮಾಡಿ "ಎರಡು" ಅಂದರು. ಕಾದರು. "ಒಂದು" ಅಂದರು. "ಮೂರು." ಗುಬಟು ಮೇಲೆ ಮಾಡಿದರು. ನನ್ನ ಕಡೆ ತಿರುಗಿ, "ಲೈನ್ ಕ್ಲಿಯರ್ ಆಯ್ತು," ಅಂದರು. ಆಮೇಲೆ ಫೋನ್ ಎತ್ತಿ ಮೈಸೂರಿನ ಉದ್ದ ನಂಬರನ್ನು ಒಂದೊಂದಾಗಿ ಹೇಳುತ್ತ ತಿರುಗಿಸಿದರು. ರೆಕಾರ್ಡಿನ ಹೆಂಗಸು ಮಾತು ಮುಗಿಸಿದಾಗ ಹೆಬ್ಬೆರಳಿನಿಂದ ಬಟನ್ ಒತ್ತಿದರು. ಬೆರಳು ನಡುಗಿ ಮೂರು ನಾಲ್ಕು ಸಲ ಬಿತ್ತು. ಪೆಟ್ಟಿಗೆ ಒಂದೇ ಸಲ ಹಾಡಿತು.

ಅತ್ತೆ ಬಂದರು. ಅವರ ದನಿ ನಾನು ಕೇಳಿದ್ದು ಅದೆಷ್ಟೋ ವರ್ಷಗಳ ಮೇಲೆ. ಮೊದಲು ಕೇಳಿದ್ದು ಆರೋಗ್ಯವನ್ನಲ್ಲ.

"ಯಾರಪ್ಪ ಡಯಲ್ ಮಾಡಿಕೊಟ್ರು? ಒಂದು ತಿಂಗಳಾಯ್ತು, ನಿಮ್ಮ ಫೋನಲ್ಲಿ ಆಗಲ್ಲ ಅಂತ ಇಲ್ಲಿ ಎಲ್ಲರೂ ಹೇಳಿದ್ರು."

"ಯಾರೂ ಇಲ್ಲ ಕಣವ್ವ," ಅಂದರು ತಾತ. "ನಾನೇ."

ನಾನು ಎದ್ದು ಹಿತ್ತಲಿಗೆ ಹೋದೆ. ಅಲ್ಲಿರಲು ನನಗೆ ಕೆಲಸವಿರಲಿಲ್ಲ.

ಪೆನ್ಸಿಲ್ ಸೆಲ್ಲು ಐದಾರು ತಿಂಗಳು ಬರುತ್ತದೆ, ಆಮೇಲೆ ಬದಲಾಯಿಸು ಎಂದು ರಿಪೇರಿಯವರು ಹೇಳಿದ್ದರು. ನನಗೆ ನೆನಪಾದದ್ದು ಎಂಟು ತಿಂಗಳಿಗೆ. ಗಾಬರಿಯಲ್ಲಿ ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಎರಡು ಸೆಲ್ಲು ಕೊಂಡು ತಂದು, ಪೆಟ್ಟಿಗೆಯ ಸಣ್ಣ ಸ್ಕ್ರೂ ಬಿಚ್ಚಿದೆ. ಒಳಗೆ ಮೊದಲು ಇದ್ದದ್ದು ಕೆಂಪು ಸೆಲ್ಲು. ಈಗ ನೀಲಿ ಸೆಲ್ಲಿದ್ದವು. ಹೊಸವು.

"ತಾತ, ಸೆಲ್ಲು ನೀವು ಹಾಕಿಸಿದ್ರಾ?"

"ಇಲ್ವಲ್ಲ. ಕೆಂಪು ದೀಪ ಹತ್ತಿತ್ತು ಹೋದ ತಿಂಗಳು. ನಿನಗೆ ಹೇಳೋಣ ಅಂದ್ಕೊಂಡೆ, ಬೆಳಿಗ್ಗೆ ನೋಡಿದ್ರೆ ಆರಿತ್ತು. ನೀನೇ ಹಾಕಿದ್ದೀಯ ಅಂತಿದ್ದೆ."

ಆ ಸ್ಕ್ರೂ ತಿರುಗಿಸಲು ತಾತನ ಕೈಗಾಗದು. ವೈರು ಕಂಡರೆ ಅಮ್ಮ ಪೊರಕೆಯನ್ನೂ ಆ ಕಡೆ ಆಡಿಸುವುದಿಲ್ಲ. ನಾನು ಹಾಕಿಲ್ಲ. ಮನೆಯಲ್ಲಿ ಇರುವುದು ನಾಲ್ಕು ಜನ. ತಾತ ಗೋಡೆಯ ಮೊಳೆಗೆ ನೇತುಬಿದ್ದಿದ್ದ ಅಪ್ಪನ ಕಚೇರಿ ಬ್ಯಾಗನ್ನು ನೋಡಿದರು. ನಾನೂ ನೋಡಿದೆ.

"ಕೇಳ್ಬೇಡ," ಅಂದರು.

"ಕೇಳಲ್ಲ."

ತಂದಿದ್ದ ಸೆಲ್ಲುಗಳನ್ನು ಫೋನಿನ ಪಕ್ಕದ ಡ್ರಾಯರಿನಲ್ಲಿಟ್ಟೆ, ಬೇಕಾದವರಿಗೆ ಕಾಣುವ ಹಾಗೆ.

ಆ ಭಾನುವಾರ ಅಪ್ಪ ನಡುಮನೆಯಲ್ಲಿ ಕೂತು ಪೇಪರ್ ಓದುತ್ತಿದ್ದರು. ತಾತ ಬಂದು ಕುರ್ಚಿ ಎಳೆದುಕೊಂಡರು. ವಾರ್ಡು ಬದಲಾಗಿತ್ತು. "ನಾಕು," ಅಂದರು, ಎಲ್ಲರಿಗೂ ಕೇಳುವ ಹಾಗೆ. "ಸೊನ್ನೆ. ಆರು." ಮಾತು ಹತ್ತು ನಿಮಿಷ ನಡೆಯಿತು, ಹೆಚ್ಚಿನದೆಲ್ಲ ಅತ್ತೆಯ ಮಗನ ಕೆಮ್ಮಿನ ವಿಷಯ. ಕೊನೆಗೆ ತಾತ "ಅರವತ್ತೆರಡು. ಆರು, ಎರಡು" ಎಂದು ಕೊಟ್ಟರು, ಆ ಕಡೆಯವರು ತಿರುಗಿ ಹೇಳುವ ತನಕ ಕಾದರು, ಇಟ್ಟರು.

ಅಪ್ಪ ಪುಟ ತಿರುಗಿಸಿದರು. ಎದ್ದು ಹೋಗಲಿಲ್ಲ.